ಯಾವ ಹಾವು, ಯಾರ ಕೈಗೆ?

ನಮ್ಮ ಮನೆಯಲ್ಲಿ ಎರಡು ಹಾವುಗಳಿವೆ. ಒಂದರ ಹೆಸರು ಜೋಳ, ಇನ್ನೊಂದು ಉಂಡೆ. ಜೋಳ ಒಂದು ಕಾರ್ನ್ ಸ್ನೇಕ್. ಉಂಡೆ ಬಾಲ್ ಪೈಥಾನ್. ನಾವಿರುವ ಇಂಗ್ಲೆಂಡಿನಲ್ಲಿ ಅದನ್ನೇ ರಾಯಲ್ ಪೈಥಾನ್ ಅನ್ನುತ್ತಾರೆ. ಎರಡೂ ನಾಲ್ಕಡಿ ಆಸುಪಾಸು. ಎರಡಕ್ಕೂ ವಿಷವಿಲ್ಲ. ಎರಡಕ್ಕೂ ಇಲಿಯೇ ಊಟ. ಅಂಗಡಿಯಲ್ಲಿ ಅಂಟಿಸಿರುವ ಚೀಟಿ ಓದಿದರೆ ಎರಡಕ್ಕೂ ಏನೂ ವ್ಯತ್ಯಾಸವಿಲ್ಲ ಅನ್ನಿಸುತ್ತದೆ. ಕೈಗೆ ತಗೊಂಡಾಗ ಗೊತ್ತಾಗುತ್ತದೆ.

ಜೋಳ ಕೈಯಲ್ಲಿ ನಿಲ್ಲುವುದೇ ಇಲ್ಲ. ಬಲಗೈಯಿಂದ ಎಡಗೈಗೆ, ಅಲ್ಲಿಂದ ಮೊಣಕೈಗೆ, ಆಮೇಲೆ ಸ್ವೆಟರಿನ ತೋಳಿನೊಳಗೆ ನುಗ್ಗಿ ಕೊರಳ ಹತ್ತಿರ ತಲೆ ಹೊರಗೆ ಹಾಕುತ್ತದೆ. ಉಂಡೆಯನ್ನು ಎತ್ತಿಕೊಂಡರೆ ಮೊದಲ ಐದು ನಿಮಿಷ ಅದು ಹಾವೇ ಅಲ್ಲ, ಒಂದು ಗಟ್ಟಿ ಸಿಂಬೆ. ತಲೆಯನ್ನು ನಡುವೆ ಹುದುಗಿಸಿ ಕೂತುಬಿಡುತ್ತದೆ. ಆಮೇಲೆ ಒಂದಿಂಚು ಮೂಗು ಹೊರಗೆ ಬರುತ್ತದೆ. ನಾಲಿಗೆ ಒಮ್ಮೆ ಚಾಚುತ್ತದೆ. ಅಷ್ಟರಲ್ಲಿ ಯಾರಾದರೂ ಕೈ ಬೀಸಿದರೆ ಮತ್ತೆ ಒಳಗೆ.

ಹಾವು ಸಾಕಬೇಕು ಅಂತ ಇಲ್ಲಿರುವ ನಮ್ಮ ಕನ್ನಡದವರು ಕೇಳಿದಾಗಲೆಲ್ಲ ಬಣ್ಣ, ಬೆಲೆ, ಉದ್ದ ವಿಚಾರಿಸುತ್ತಾರೆ. ನಾನು ಮೊದಲು ಕೇಳುವುದೇ ಬೇರೆ. ಅದನ್ನು ಎತ್ತಿಕೊಳ್ಳುವವರು ಯಾರು? ಒಂಬತ್ತು ವರ್ಷದ ಹುಡುಗನ ಚುರುಕು ಕೈಯಾ? ಹೆದರಿ ಹೆದರಿ ಮುಂದೆ ಬರುವ ಕೈಯಾ? ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಸೋಫಾ ಮೇಲೆ ಒರಗುವ ಕೈಯಾ? ಹಾವು ಆರಿಸುವುದು ಅಂದರೆ ನನ್ನ ಪ್ರಕಾರ ಕೈಗೆ ತಕ್ಕ ಹಾವು ಹುಡುಕುವುದು.

ಮೊದಲು ಒಂದು ಭ್ರಮೆ ಬಿಡಿ

ಹಾವು ನಿಮ್ಮನ್ನು ಪ್ರೀತಿಸುವುದಿಲ್ಲ. ನಾಯಿ ಓಡಿಬಂದ ಹಾಗೆ ಬರುವುದಿಲ್ಲ. ಕೈಯಲ್ಲಿ ತಣ್ಣಗೆ ಮಲಗಿದರೆ ಅದಕ್ಕೆ ನಮ್ಮ ಮೈಯ ಬಿಸಿ ಬೇಕಾಗಿದೆ ಅಂತ ಅರ್ಥ. ಹಾವಿನ ಮೈ ತಾನೇ ಶಾಖ ಹುಟ್ಟಿಸಿಕೊಳ್ಳುವುದಿಲ್ಲ, ಹೊರಗಿನಿಂದ ತಗೊಳ್ಳುತ್ತದೆ. ನವೆಂಬರಿನ ಸಂಜೆ ನಮ್ಮ ಮನೆಯ ಹಾಲ್ 18 ಡಿಗ್ರಿ ಇರುತ್ತದೆ. ಆಗ ಉಂಡೆ ನನ್ನ ಕಂಕುಳ ಹುಡುಕುವುದರಲ್ಲಿ ಏನೂ ಆಶ್ಚರ್ಯವಿಲ್ಲ. ಅದಕ್ಕೆ ನಾನೊಂದು ಬಿಸಿ ಬಂಡೆ.

ಆದರೆ ಹಾವು ಅಭ್ಯಾಸ ಮಾಡಿಕೊಳ್ಳುತ್ತದೆ. ಈ ವಾಸನೆಯ, ಈ ಬಿಸಿಯ ವಸ್ತು ನನ್ನನ್ನು ತಿನ್ನುವುದಿಲ್ಲ ಅನ್ನುವಷ್ಟು ಕಲಿಯುತ್ತದೆ. ಆ ಕಲಿಕೆಗೆ ಎಷ್ಟು ದಿನ ಬೇಕು, ಕಲಿಯುವ ತನಕ ಅದು ಏನೇನು ಮಾಡುತ್ತದೆ ಅನ್ನುವುದರಲ್ಲೇ ಜಾತಿಯಿಂದ ಜಾತಿಗೆ ವ್ಯತ್ಯಾಸ.

ಕಾರ್ನ್ ಸ್ನೇಕ್: ಹರಿಯುವ ಹಾವು

ಅಮೆರಿಕದ ಆಗ್ನೇಯ ಭಾಗದ ಹಾವು. ನಮ್ಮ ಕೇರೆ ಹಾವಿಗೆ ದೂರದ ನೆಂಟ. ಮೂರರಿಂದ ಐದಡಿ ಬೆಳೆಯುತ್ತದೆ, ದಪ್ಪ ಹೆಚ್ಚೆಂದರೆ ಹೆಬ್ಬೆರಳಿನಷ್ಟು. ಹೊಟ್ಟೆಯ ಮೇಲಿನ ಚೌಕಳಿ ನೋಡಿದರೆ ಬಣ್ಣಬಣ್ಣದ ಮೆಕ್ಕೆಜೋಳದ ತೆನೆ ನೆನಪಾಗುತ್ತದೆ. ಹೆಸರು ಅದರಿಂದ ಬಂತು ಅಂತ ಕೆಲವರು, ಜೋಳದ ಕಣಜದಲ್ಲಿ ಇಲಿ ಹಿಡಿಯುತ್ತಿದ್ದರಿಂದ ಬಂತು ಅಂತ ಇನ್ನು ಕೆಲವರು.

ಮರಿ ಕಾರ್ನ್ ಸ್ನೇಕ್ ನೋಡಿ ಮೋಸಹೋಗಬೇಡಿ. ಪೆನ್ಸಿಲಿನಷ್ಟು ಇರುತ್ತದೆ, ಆದರೆ ಎತ್ತಲು ಹೋದರೆ ಬಾಲ ಪಟಪಟ ಅಲ್ಲಾಡಿಸುತ್ತದೆ. ಸಿಕ್ಕಿದ ಸಂದಿಯಲ್ಲಿ ಜಾರುತ್ತದೆ. ಜಾಸ್ತಿ ಹೆದರಿದರೆ ಬಾಲದ ಬುಡದಿಂದ ಗಬ್ಬು ದ್ರವ ಬಿಡುತ್ತದೆ. ಆ ವಾಸನೆ ಎರಡು ಸಲ ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ. ಕಚ್ಚಿದರೂ ರೋಜಾ ಮುಳ್ಳು ಗೀರಿದಷ್ಟೇ. ಇದೆಲ್ಲ ಕೆಲವು ತಿಂಗಳ ಮಾತು. ವಾರಕ್ಕೆ ಎರಡು ಮೂರು ಸಲ, ಹತ್ತು ಹತ್ತು ನಿಮಿಷ ಕೈಗೆ ತಗೊಳ್ಳುತ್ತಾ ಹೋದರೆ ವರ್ಷ ತುಂಬುವಷ್ಟರಲ್ಲಿ ಬಹುಪಾಲು ಮರಿಗಳು ಸಮಾಧಾನವಾಗುತ್ತವೆ.

ಸಮಾಧಾನ ಅಂದೆ, ಸುಮ್ಮನಿರುತ್ತವೆ ಅನ್ನಲಿಲ್ಲ. ಬೆಳೆದ ಕಾರ್ನ್ ಸ್ನೇಕ್ ಕೂಡ ಹರಿಯುತ್ತಲೇ ಇರುತ್ತದೆ. ಅದಕ್ಕೇ ಇದು ಮಕ್ಕಳಿಗೆ ಒಳ್ಳೆಯದು. ಮಗುವಿನ ಕೈಗೂ ಏನಾದರೂ ಮಾಡುತ್ತಾ ಇರಬೇಕು, ಹಾವಿಗೂ ಚಲಿಸುತ್ತಾ ಇರಬೇಕು. ಒಂದು ಕೈ ಮುಂದೆ ಇನ್ನೊಂದು ಕೈ ಇಡುತ್ತಾ ಹೋಗುವ ಆಟಕ್ಕೆ ಇಬ್ಬರೂ ಬೇಗ ಹೊಂದಿಕೊಳ್ಳುತ್ತಾರೆ. ಟಿವಿ ನೋಡುತ್ತಾ ತೊಡೆ ಮೇಲೆ ಹಾವು ಮಲಗಿಸಿಕೊಳ್ಳಬೇಕು ಅನ್ನುವವರಿಗೆ ಮಾತ್ರ ಇದು ನಿರಾಸೆ ಮಾಡುತ್ತದೆ.

ತಪ್ಪಿಸಿಕೊಳ್ಳುವುದರಲ್ಲೂ ಇದು ನಿಪುಣ. ನಮ್ಮ ಜೋಳ ಒಮ್ಮೆ ಮೂರು ದಿನ ಕಾಣೆಯಾಗಿತ್ತು. ಬೆರಳು ತೂರದ ಸಂದಿಯಲ್ಲಿ ಪಾರಾಗಿತ್ತು. ಸಿಕ್ಕಿದ್ದು ಫ್ರಿಜ್ಜಿನ ಹಿಂದೆ, ಮೋಟರಿನ ಬಿಸಿಗೆ ಮೈಯೊಡ್ಡಿಕೊಂಡು.

ರಾಯಲ್ ಪೈಥಾನ್: ಉಂಡೆಯಾಗುವ ಹಾವು

ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹೆಬ್ಬಾವು. ಹೆಬ್ಬಾವು ಅಂದ ಕೂಡಲೇ ನಮ್ಮೂರಿನದು ಕಣ್ಣಮುಂದೆ ಬರುತ್ತದೆ. ಇದು ಅದರ ಕುಳ್ಳ ತಮ್ಮ. ಗಂಡು ಮೂರು ಮೂರೂವರೆ ಅಡಿ, ಹೆಣ್ಣು ನಾಲ್ಕರಿಂದ ಐದು. ಆದರೆ ಮೈ ತುಂಬಿಕೊಂಡಿರುತ್ತದೆ. ಅದೇ ಉದ್ದದ ಕಾರ್ನ್ ಸ್ನೇಕ್ ಹಿಡಿದು ಆಮೇಲೆ ಇದನ್ನು ಹಿಡಿದರೆ, ಪಡವಲಕಾಯಿ ಬಿಟ್ಟು ಬೂದುಗುಂಬಳ ಎತ್ತಿದ ಹಾಗೆ.

ಹೆದರಿದಾಗ ಬೇರೆ ಹಾವು ಓಡುತ್ತದೆ, ಬುಸುಗುಟ್ಟುತ್ತದೆ, ಹೊಡೆಯುತ್ತದೆ. ಇದು ತಲೆಯನ್ನು ಮೈಯೊಳಗೆ ಅಡಗಿಸಿ ಉಂಡೆಯಾಗುತ್ತದೆ. ಹಾಗಾಗಿ ಹೊಸಬರಿಗೆ ಇದು ಬಹಳ ಸಾಧು ಅನ್ನಿಸುತ್ತದೆ. ಇಲ್ಲೇ ತಪ್ಪು ಆಗುವುದು. ಉಂಡೆಯಾಗಿ ಕೂತಿರುವ ರಾಯಲ್ ಪೈಥಾನ್ ಆರಾಮಾಗಿಲ್ಲ, ಹೆದರಿದೆ. ಮೈ ಸಡಿಲ ಬಿಟ್ಟು, ತಲೆ ಹೊರಗಿಟ್ಟು, ನಿಧಾನವಾಗಿ ನಾಲಿಗೆ ಆಡಿಸುತ್ತಾ ಕೈಗುಂಟ ಸರಿಯುತ್ತಿದ್ದರೆ ಆರಾಮಾಗಿದೆ ಅಂತ. ಪಾಪ, ಎಷ್ಟೋ ಹಾವುಗಳು ಹೆದರಿದ ಉಂಡೆಯಾಗಿಯೇ ಕೈಯಿಂದ ಕೈಗೆ ಸುತ್ತಿ ಬರುತ್ತವೆ, ಎಷ್ಟು ಶಾಂತ ನೋಡಿ ಅಂತ ಎಲ್ಲರೂ ಹೊಗಳುತ್ತಾರೆ.

ಇದರ ತಲೆ ಮುಟ್ಟಬೇಡಿ. ಮೇಲಿನಿಂದ ಕೈ ಇಳಿಸಿದರಂತೂ ತಲೆ ಚಕ್ಕನೆ ಹಿಂದೆ ಸರಿಯುತ್ತದೆ. ಕಾಡಿನಲ್ಲಿ ಹದ್ದು ಬರುವುದು ಮೇಲಿನಿಂದಲೇ ಅಲ್ವಾ. ಪಕ್ಕದಿಂದ ಕೈ ತಂದು, ಮೈಯ ನಡುಭಾಗಕ್ಕೆ ಕೆಳಗಿನಿಂದ ಆಸರೆ ಕೊಟ್ಟು ಎತ್ತಬೇಕು. ಮೇಲ್ದುಟಿಯ ಅಂಚಿನಲ್ಲಿ ಶಾಖ ಗುರುತಿಸುವ ಸಣ್ಣ ಕುಳಿಗಳಿವೆ. ಕತ್ತಲಲ್ಲೂ ನಿಮ್ಮ ಬೆರಳು ಅದಕ್ಕೆ ಬಿಸಿಯಾಗಿ ಕಾಣುತ್ತದೆ. ಹಸಿದಿರುವಾಗ ಬಿಸಿ ಬೆರಳಿಗೂ ಬಿಸಿ ಇಲಿಗೂ ಏನು ವ್ಯತ್ಯಾಸ?

ಊಟದ ವಿಷಯಕ್ಕೆ ಬಂದರೆ ಇದು ತುಂಬಾ ಮೊಂಡು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಾಯಿ ಮುಚ್ಚಿ ಕೂರಬಹುದು. ಪದೇ ಪದೇ ಎತ್ತುವುದರಿಂದ, ಜಾಗ ಬದಲಾದ್ದರಿಂದ, ಅಡಗಿಕೊಳ್ಳಲು ಸಾಕಷ್ಟು ಇಕ್ಕಟ್ಟು ಜಾಗ ಇಲ್ಲದ್ದರಿಂದಲೂ ಊಟ ಬಿಡುತ್ತದೆ. ಅದಕ್ಕೆ ಇದನ್ನು ವಾರಕ್ಕೆ ಒಂದೆರಡು ಸಲಕ್ಕಿಂತ ಜಾಸ್ತಿ ಎತ್ತುವ ಆಸೆ ಇಟ್ಟುಕೊಳ್ಳಬೇಡಿ. ದಿನಾ ಹಾವು ಹಿಡಿಯಬೇಕು ಅನ್ನುವ ಮಗು ಇರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ.

ಇನ್ನೊಂದು ಮಾತು. ಬಣ್ಣದ ತಳಿಗಳಲ್ಲಿ ‘ಸ್ಪೈಡರ್’ ಅಂತ ಒಂದಿದೆ. ಜೇಡರ ಬಲೆಯ ಹಾಗೆ ತೆಳು ಗೆರೆ, ನೋಡಲು ಚೆಂದ. ಆ ಚೆಂದದ ಜೊತೆಗೇ ನರದ ತೊಂದರೆಯೂ ಹುಟ್ಟಿನಿಂದ ಬರುತ್ತದೆ. ತಲೆ ತೂಗಾಡುತ್ತದೆ, ಗುರಿ ತಪ್ಪುತ್ತದೆ, ಕೆಲವಕ್ಕೆ ಮೇಲೆ ಕೆಳಗೆ ಗೊತ್ತಾಗುವುದಿಲ್ಲ. ಕೈಗೆ ತಗೊಂಡಾಗ ಅದು ಇನ್ನೂ ಜಾಸ್ತಿಯಾಗುತ್ತದೆ. ‘ಡ್ಯಾನ್ಸ್ ಮಾಡ್ತಿದೆ’ ಅಂತ ನಗುತ್ತಾ ಮಾರುವವರನ್ನು ಕಣ್ಣಾರೆ ನೋಡಿದ್ದೇನೆ. ಕೊಳ್ಳಬೇಡಿ.

ಆಯಸ್ಸು ನೆನಪಿಡಿ. ಚೆನ್ನಾಗಿ ನೋಡಿಕೊಂಡರೆ 20-30 ವರ್ಷ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಒಂದು ಅಜ್ಜಿ 2020ರಲ್ಲಿ ಮೊಟ್ಟೆ ಇಟ್ಟಿತು, ಅದೂ ಹಲವು ವರ್ಷಗಳಿಂದ ಗಂಡಿನ ಸಹವಾಸವಿಲ್ಲದೆ. ನಿಮ್ಮ ಮಗ ಕಾಲೇಜಿಗೆ ಹೋದ ಮೇಲೂ ಇದನ್ನು ಎತ್ತಿಕೊಳ್ಳುವ ಕೈ ನಿಮ್ಮದೇ.

ಅಮ್ಮನ ಕೈ

ಹೋದ ವರ್ಷ ಅಮ್ಮ ತಿಪಟೂರಿನಿಂದ ಬಂದು ಐದು ತಿಂಗಳಿದ್ದಳು. ಮೊದಲ ದಿನ ಗಾಜಿನ ಪೆಟ್ಟಿಗೆಗೆ ಕೈಮುಗಿದಳು. ಎರಡನೇ ದಿನ, ‘ಏನೇ ಇದು, ನಾಗಪ್ಪನ್ನ ಡಬ್ಬದಲ್ಲಿ ಕೂರಿಸಿದ್ದೀಯಲ್ಲೇ, ಹಾಲಾದ್ರೂ ಇಡ್ತೀಯೋ ಇಲ್ವೋ’ ಅಂದಳು. ಹಾವು ಹಾಲು ಕುಡಿಯುವುದಿಲ್ಲಮ್ಮ, ಕುಡಿದರೂ ಅರಗುವುದಿಲ್ಲ ಅಂದರೆ ಒಪ್ಪಲಿಲ್ಲ. ಮೊಟ್ಟೆಯೂ ತಿನ್ನದ ಮನೆಯಲ್ಲಿ ಹುಟ್ಟಿದ ನಾನು ಗ್ಯಾರೇಜಿನಲ್ಲಿ ಸತ್ತ ಇಲಿಗಳಿಗೆ ಅಂತಲೇ ಪುಟ್ಟ ಫ್ರೀಜರ್ ಇಟ್ಟಿದ್ದೇನೆ ಅಂತ ಗೊತ್ತಾದ ದಿನ, ‘ಕೇರೆ ತಿನ್ನೋರ ಊರಿಗೆ ಹೋದ್ರೆ ನಡುತುಂಡು ನಂಗೇ ಇರ್ಲಿ ಅಂದ್ರಂತೆ’ ಅಂತ ಹೇಳಿ ಒಳಗೆ ಹೋದಳು.

ಎರಡು ತಿಂಗಳಾದ ಮೇಲೆ ಒಂದು ಸಂಜೆ ತಾನಾಗಿ ಮಡಿಲು ಚಾಚಿದಳು. ಉಂಡೆಯನ್ನು ಇಟ್ಟೆ. ಅಮ್ಮ ಅದನ್ನು ಹಿಡಿಯಲಿಲ್ಲ. ಹೂ ಕಟ್ಟಿ ಕಟ್ಟಿ ಪಳಗಿದ ಕೈ ಅದು, ಅವಸರ ಗೊತ್ತಿಲ್ಲ. ಎರಡು ಅಂಗೈ ಸುಮ್ನೆ ಕೆಳಗಿಟ್ಟುಕೊಂಡು ಕೂತಳು. ಒಂದು ನಿಮಿಷವೂ ಆಗಿರಲಿಲ್ಲ, ಸಿಂಬೆ ಬಿಚ್ಚಿತು. ನನ್ನ ಕೈಯಲ್ಲಿ ಐದು ನಿಮಿಷ ತಗೊಳ್ಳುವ ಹಾವು!

ನನ್ನ ಗಂಡನದು ಇದಕ್ಕೆ ತದ್ವಿರುದ್ಧ. ಅವರ ಕೈ ಅರ್ಧ ದಾರಿ ಬಂದು ನಿಲ್ಲುತ್ತದೆ. ಅಲ್ಲೇ ಗಾಳಿಯಲ್ಲಿ ತೂಗಾಡುತ್ತದೆ. ಮತ್ತೆ ಹಿಂದೆ ಹೋಗುತ್ತದೆ. ಹಾವಿಗೆ ಇದಕ್ಕಿಂತ ಭಯದ ಕೈ ಇಲ್ಲ. ಮೇಲೆ ಸುತ್ತುವ ಹದ್ದು ಮಾಡುವುದೂ ಅದನ್ನೇ.

ಕಿಂಗ್ ಸ್ನೇಕ್: ಹೊಟ್ಟೆಬಾಕ

ಹೆಸರು ಕೇಳಿ ಕಾಳಿಂಗ ಸರ್ಪ ಅಂದುಕೊಳ್ಳಬೇಡಿ. ಅದು ಕಿಂಗ್ ಕೋಬ್ರಾ, ವಿಷದ ಹಾವು. ಇದು ಅಮೆರಿಕದ ವಿಷವಿಲ್ಲದ ಹಾವು. ಇಬ್ಬರಿಗೂ ಇರುವ ಒಂದೇ ಸಾಮ್ಯ ಅಂದರೆ ಬೇರೆ ಹಾವುಗಳನ್ನು ತಿನ್ನುವುದು. ಕಿಂಗ್ ಸ್ನೇಕ್ ಗಿಲಕಿ ಬಾಲದ ವಿಷದ ಹಾವನ್ನೂ, ಅಂದರೆ ರ‍್ಯಾಟಲ್ ಸ್ನೇಕನ್ನೂ ನುಂಗುತ್ತದೆ, ಅದರ ವಿಷ ಇದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಸಾಕುವವರಲ್ಲಿ ಹೆಚ್ಚು ಕಾಣುವುದು ಕ್ಯಾಲಿಫೋರ್ನಿಯಾದ ಕಪ್ಪು ಬಿಳಿ ಪಟ್ಟೆಯದು. ಮೂರರಿಂದ ನಾಲ್ಕಡಿ. ಕನ್ನಡಿಯ ಹಾಗೆ ಮಿಂಚುತ್ತದೆ.

ಕೈಯಲ್ಲಿ ಹೇಗೆ? ಕಾರ್ನ್ ಸ್ನೇಕಿಗಿಂತ ಗಟ್ಟಿ ಮೈ, ಅಷ್ಟೇ ಚುರುಕು, ಭಯ ಕಡಿಮೆ. ಇದರ ತೊಂದರೆಯೇ ಬೇರೆ. ಅದಕ್ಕೆ ಜಗತ್ತೆಲ್ಲ ಊಟದ ಹಾಗೆ ಕಾಣುತ್ತದೆ. ಹೆದರಿದ ಹಾವು ಕಚ್ಚಿದರೆ ಚುಚ್ಚಿ ಬಿಟ್ಟುಬಿಡುತ್ತದೆ. ಹಸಿದ ಕಿಂಗ್ ಸ್ನೇಕ್ ಬಿಡುವುದಿಲ್ಲ, ಅಗಿಯುತ್ತದೆ. ನನ್ನ ಗೆಳತಿಯ ಮನೆಯಲ್ಲಿ ನನಗೇ ಆಯಿತು. ಇಲಿ ಕರಗಿಸಲು ಇಟ್ಟ ಬಟ್ಟಲನ್ನು ಪಕ್ಕಕ್ಕೆ ಸರಿಸಿದ್ದೆ ಅಷ್ಟೆ, ಕೈ ತೊಳೆದಿರಲಿಲ್ಲ. ಹಾವು ನನ್ನ ಅಂಗೈಗುಂಟ ನಾಲಿಗೆ ಆಡಿಸುತ್ತಾ ಬಂದಿತು. ನಾಲಿಗೆ ಆಡಿಸುವ ವೇಗ ಜಾಸ್ತಿಯಾಯಿತು. ಹೆಬ್ಬೆರಳ ಬುಡದಲ್ಲಿ ನಿಂತಿತು. ಆಮೇಲೆ ಯಾವ ಸಿಟ್ಟೂ ಇಲ್ಲದೆ, ಬಾಯಿ ತೆರೆದು ಬೆರಳನ್ನು ಒಳಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿತು. ನೋವು ಅಂಥದ್ದೇನಲ್ಲ. ಎಳೆದರೆ ಮಾತ್ರ ನೋವು. ಹಾವಿನ ಹಲ್ಲು ಹಿಂದಕ್ಕೆ ಬಾಗಿರುತ್ತದೆ, ಎಳೆದರೆ ಚರ್ಮವೂ ಹರಿಯುತ್ತದೆ, ಅದರ ಹಲ್ಲೂ ಮುರಿಯುತ್ತದೆ. ತಣ್ಣೀರಿನ ನಲ್ಲಿ ಕೆಳಗೆ ಹಿಡಿದೆವು. ಅರ್ಧ ನಿಮಿಷದಲ್ಲಿ ಬಿಟ್ಟಿತು.

ಹಾಗಾಗಿ ಇದು ಶಿಸ್ತಿನ ಕೈಗೆ ಸರಿ. ಪ್ರತಿ ಸಲ ಸೋಪು ಹಾಕಿ ತೊಳೆದು ಮುಟ್ಟುವವರು, ಪೆಟ್ಟಿಗೆ ತೆರೆದಾಗ ಮೊದಲು ಒಂದು ಕೊಕ್ಕೆಯಿಂದ ಮೈ ಮೆಲ್ಲಗೆ ಸವರಿ ‘ಇದು ಊಟವಲ್ಲ’ ಅಂತ ತಿಳಿಸುವವರು ಇದನ್ನು ಸಾಕಿ ಖುಷಿಪಡುತ್ತಾರೆ. ಊಟ ಬಿಡುವುದು ಅಪರೂಪ ಅನ್ನುವುದೂ ಒಂದು ಲಾಭವೇ. ಆದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಇಡಬೇಡಿ, ಬೆಳಗಾಗುವಷ್ಟರಲ್ಲಿ ಒಂದೇ ಉಳಿದಿರಬಹುದು. ಹೊರಗೂ ಬಿಡಬೇಡಿ. ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಹೀಗೆ ತಪ್ಪಿಸಿಕೊಂಡ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕುಗಳು ಅಲ್ಲಿನ ಹಲ್ಲಿ, ಹಾವುರಾಣಿಗಳ ಸಂತತಿಯನ್ನೇ ತಿಂದುಹಾಕುತ್ತಿವೆ.

ಹಾಗ್‌ನೋಸ್: ಕಂಪನಿ ನಾಟಕದ ಹೀರೋ

ಹಂದಿಯ ಹಾಗೆ ಮೇಲಕ್ಕೆ ತಿರುಗಿದ ಮೂಗು, ಗುಂಡು ಕಣ್ಣು, ಗಿಡ್ಡ ಮೈ. ಸಾಕುವುದು ಹೆಚ್ಚಾಗಿ ವೆಸ್ಟರ್ನ್ ಹಾಗ್‌ನೋಸ್. ಗಂಡು ಒಂದೂವರೆ ಅಡಿ, ಹೆಣ್ಣು ಎರಡೂವರೆ ಮೂರು. ಹಾವು ನೋಡಿ ನಗು ಬರುವುದಾದರೆ ಇದನ್ನು ನೋಡಿ.

ಕೈ ತೋರಿಸಿದರೆ ಕತ್ತು ಚಪ್ಪಟೆ ಮಾಡಿ ಹೆಡೆ ಬಿಚ್ಚಿದ ಹಾಗೆ ನಟಿಸುತ್ತದೆ. ಮೈಗೆ ಗಾಳಿ ತುಂಬಿಕೊಂಡು ಕುಕ್ಕರಿನ ಹಾಗೆ ಬುಸ್ಸೆನ್ನುತ್ತದೆ. ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಕೈಗೆ ಗುದ್ದುತ್ತದೆ. ಅದೂ ನಡೆಯದಿದ್ದರೆ ಕೊನೆಯ ಅಂಕ: ಮಗ್ಗುಲಾಗಿ, ಅಂಗಾತ ಬಿದ್ದು, ಬಾಯಿ ತೆರೆದು, ನಾಲಿಗೆ ಜೋತುಬಿಟ್ಟು ಸತ್ತುಹೋಗುತ್ತದೆ. ನೀವು ಪಾಪ ಅಂತ ಬೋರಲು ಹಾಕಿದರೆ ಎದ್ದು ಮತ್ತೆ ಅಂಗಾತ ಮಲಗುತ್ತದೆ, ‘ಒನ್ಸ್ ಮೋರ್’ ಅಂದಾಗ ಸತ್ತ ಪಾತ್ರಧಾರಿ ಎದ್ದು ಹಾಡಿ ಮತ್ತೆ ಸತ್ತ ಹಾಗೆ. ಈ ಕೊನೆಯ ಅಂಕವನ್ನು ಇದರ ಪೂರ್ವದ ಅಣ್ಣ ಈಸ್ಟರ್ನ್ ಹಾಗ್‌ನೋಸ್ ಹೆಚ್ಚು ಆಡುತ್ತದೆ. ವೆಸ್ಟರ್ನ್‌ದು ಬುಸುಗುಟ್ಟಿ ಮುಗಿಸುವುದೇ ಜಾಸ್ತಿ.

ನಾಟಕ ಅಂತ ಗೊತ್ತಿದ್ದೂ ಕೈ ಹಿಂದೆ ತೆಗೆಯದವರು ಇದನ್ನು ಸಾಕಬಹುದು. ಬುಸ್ ಅಂದ ಕೂಡಲೇ ಬೆಚ್ಚಿ ಕೈಬಿಡುವವರು ಬೇಡ, ನೆಲಕ್ಕೆ ಬಿದ್ದರೆ ಅದಕ್ಕೆ ಪೆಟ್ಟು. ಮತ್ತೆ ಒಂದು ಗಂಭೀರ ವಿಷಯ. ಇದರ ಮೇಲ್ದವಡೆಯ ಹಿಂಭಾಗದಲ್ಲಿ ದೊಡ್ಡ ಹಲ್ಲುಗಳಿವೆ, ಸೌಮ್ಯವಾದ ವಿಷವೂ ಇದೆ. ಹೆದರಿ ಕಚ್ಚುವುದು ಅಪರೂಪ. ಆದರೆ ಊಟ ಅಂದುಕೊಂಡು ಕಚ್ಚಿ ಅಗಿಯಲು ಬಿಟ್ಟರೆ ಬೆರಳು, ಕೆಲವರಿಗೆ ಇಡೀ ಕೈ ಊದಿಕೊಳ್ಳುತ್ತದೆ. ಬೊಬ್ಬೆಯೂ ಏಳಬಹುದು. ಕಚ್ಚಿದ ತಕ್ಷಣ ಬಿಡಿಸಿ, ಊತ ಏರಿದರೆ ಡಾಕ್ಟರ ಹತ್ತಿರ ಹೋಗಿ. ಅಲರ್ಜಿ ಇರುವವರ ಮನೆಗೆ, ಸಣ್ಣ ಮಕ್ಕಳ ಕೈಗೆ ನಾನು ಇದನ್ನು ಕೊಡುವುದಿಲ್ಲ. ಅಂಗಡಿಯವರು ‘ಬಿಗಿನರ್ ಸ್ನೇಕ್’ ಅಂದರೂ ಅಷ್ಟೆ.

ಬೋವಾ ಮತ್ತು ಮರಳಿನ ಬೋವಾ

ದೊಡ್ಡ ಬೋವಾ ಆರರಿಂದ ಎಂಟಡಿ. ನನಗೆ ಕೈಯಲ್ಲಿ ಹಿಡಿಯಲು ಅತ್ಯಂತ ಇಷ್ಟವಾದ ಹಾವು ಇದೇ, ಸಾಕಲು ಧೈರ್ಯ ಮಾಡದ್ದೂ ಇದನ್ನೇ. ಉಂಡೆಯಾಗುವುದಿಲ್ಲ, ಓಡುವುದಿಲ್ಲ. ತೋಳಿಗೆ ಸುತ್ತಿ, ಭಾರ ಬಿಟ್ಟು, ಊರೆಲ್ಲ ನೋಡುತ್ತಾ ಇರುತ್ತದೆ. ಆ ಹಿಡಿತದಲ್ಲಿ ಅದರ ಬಲ ತಿಳಿಯುತ್ತದೆ. ಬೇಟೆಯನ್ನು ಸುತ್ತಿಕೊಂಡಾಗ ಬೋವಾ ಅದರ ಎದೆಬಡಿತವನ್ನು ಗಮನಿಸುತ್ತಿರುತ್ತದೆ, ಬಡಿತ ನಿಂತ ಮೇಲೆ ಹಿಡಿತ ಸಡಿಲಿಸುತ್ತದೆ ಅಂತ 2012ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಇದು ಓದಿದ ಮೇಲೆ ಬೋವಾ ನನ್ನ ಮಣಿಕಟ್ಟಿಗೆ ಸುತ್ತಿದಾಗಲೆಲ್ಲ ನಾಡಿ ನೋಡುವ ವೈದ್ಯರ ನೆನಪಾಗುತ್ತದೆ.

ಕೊರಳಿಗೆ ಹಾಕಿಕೊಳ್ಳಬೇಡಿ, ಫೋಟೋಗೂ ಬೇಡ. ಬಿಗಿಯಾಗಿ ಸುತ್ತಿಕೊಂಡರೆ ತಲೆಯಿಂದಲ್ಲ, ಬಾಲದಿಂದ ಬಿಚ್ಚುತ್ತಾ ಬರಬೇಕು. ಎಂಟಡಿ ಹತ್ತಿರ ಬಂದ ಹಾವನ್ನು ಒಬ್ಬರೇ ಇದ್ದಾಗ ಎತ್ತಬಾರದು. ಮನೆಯಲ್ಲಿ ಎರಡನೇ ಧೈರ್ಯವಂತರು ಇಲ್ಲದಿದ್ದರೆ ಈ ಆಸೆ ಬಿಟ್ಟುಬಿಡಿ. ನಮ್ಮ ಮನೆಯಲ್ಲಿ ಇಲ್ಲ.

ಕೀನ್ಯಾದ ಮರಳಿನ ಬೋವಾ ಎರಡಡಿಯ ಪುಟ್ಟ ಹಾವು, ನಮ್ಮ ಮಣ್ಣುಮುಕ್ಕ ಹಾವಿನ ಕುಲದ್ದೇ. ಕೈಯಲ್ಲಿ ಸೋಮಾರಿ. ಬೆರಳ ಸಂದಿಯನ್ನೇ ಮರಳು ಅಂದುಕೊಂಡು ಒಳಗೆ ಕೊರೆಯಲು ನೋಡುತ್ತದೆ. ಮೈ ನುಣುಪು, ಬಾಲ ಮಾತ್ರ ಅರದ ಹಾಗೆ ಒರಟು. ಆದರೆ ಮರಳಿನೊಳಗಿಂದ ತಲೆಯನ್ನಷ್ಟೇ ಹೊರಗಿಟ್ಟು ಕೂತಿರುವಾಗ ಮೇಲಿನಿಂದ ಬೆರಳು ಹಾಕಿದರೆ ಮಿಂಚಿನ ಹಾಗೆ ಪಕ್ಕಕ್ಕೆ ಹೊಡೆಯುತ್ತದೆ. ಮರಳಿನ ಕೆಳಗೆ ಅಂಗೈ ತೂರಿಸಿ ಬೊಗಸೆಯಲ್ಲಿ ಎತ್ತಿದರೆ ಏನೂ ಮಾಡುವುದಿಲ್ಲ. ಜಾಗ ಕಡಿಮೆ ಇರುವವರಿಗೆ, ಹಾವು ದಿನವೆಲ್ಲ ಕಾಣದಿದ್ದರೂ ಪರವಾಗಿಲ್ಲ ಅನ್ನುವವರಿಗೆ ಒಳ್ಳೆಯದು.

ಹಸಿರು ಮರದ ಹೆಬ್ಬಾವು ನೋಡಲು ಮಾತ್ರ. ಬರ್ಮೀಸ್, ರೆಟಿಕ್ಯುಲೇಟೆಡ್ ಹೆಬ್ಬಾವುಗಳು ಮನೆಗಲ್ಲ. ಜನ ಬಿಟ್ಟು ಬಂದ, ತಪ್ಪಿಸಿಕೊಂಡ ಬರ್ಮೀಸ್ ಹೆಬ್ಬಾವುಗಳು ಅಮೆರಿಕದ ಫ್ಲಾರಿಡಾದ ಜೌಗುನಾಡು ಎವರ್‌ಗ್ಲೇಡ್ಸಿನಲ್ಲಿ ಅಲ್ಲಿನ ಕಾಡುಪ್ರಾಣಿಗಳನ್ನು ತಿಂದು ಮಾಡಿದ ಅನಾಹುತ ಸಣ್ಣದಲ್ಲ.

ಯಾವ ಹಾವಾದರೂ ಸರಿ

ಮನೆಗೆ ತಂದ ಮೇಲೆ ಒಂದು ವಾರ ಮುಟ್ಟಬೇಡಿ. ಒಂದೆರಡು ಊಟ ಸರಿಯಾಗಿ ಮಾಡಿದ ಮೇಲೆ ಶುರುಮಾಡಿ. ಊಟವಾದ 48 ಗಂಟೆ ಎತ್ತಬಾರದು, ಎತ್ತಿದರೆ ತಿಂದದ್ದನ್ನು ಕಕ್ಕಿಬಿಡಬಹುದು, ಅದು ಹಾವಿಗೆ ದೊಡ್ಡ ಪೆಟ್ಟು. ಕಣ್ಣು ಹಾಲು ಬಿದ್ದ ಹಾಗೆ ನೀಲಿಯಾಗಿದ್ದರೆ ಪೊರೆ ಬಿಡಲು ತಯಾರಾಗಿದೆ ಅಂತ. ಆಗ ಸರಿಯಾಗಿ ಕಾಣುವುದಿಲ್ಲ, ಎಂಥ ಸಾಧು ಹಾವೂ ಸಿಡುಕುತ್ತದೆ. ಕತ್ತನ್ನು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಚಿ ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಆ ದಿನ ಬಿಟ್ಟುಬಿಡಿ. ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ನಿಮ್ಮ ಹೊಸ ಸೀರೆಯ ಮೇಲೆ ಹೇಲುತ್ತದೆ. ಅದಕ್ಕೆ ಉಪಾಯವಿಲ್ಲ.

ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹಾವು ಆರೋಗ್ಯವಾಗಿದ್ದರೂ. ಮುಟ್ಟುವ ಮೊದಲು ತೊಳೆಯುವುದು ಹಾವಿಗಾಗಿ, ಮುಟ್ಟಿದ ಮೇಲೆ ತೊಳೆಯುವುದು ನಮಗಾಗಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ರೋಗ ತಡೆಯುವ ಶಕ್ತಿ ಕುಂದಿದವರು ಮುಟ್ಟದಿರುವುದೇ ಮೇಲು.

ಹಾಗಾದರೆ ಯಾವುದು ತಗೊಳ್ಳಲಿ ಅಂತ ಬಿಡದೆ ಕೇಳಿದರೆ, ಎಂಟು ಹತ್ತು ವರ್ಷದ ಮಕ್ಕಳಿರುವ ಮನೆಗೆ ಕಾರ್ನ್ ಸ್ನೇಕ್, ಅದೂ ಒಂದು ವರ್ಷ ದಾಟಿದ್ದು. ನಿಧಾನದ ಕೈಯ ದೊಡ್ಡವರಿಗೆ ರಾಯಲ್ ಪೈಥಾನ್. ಮೊದಲ ಹಾವು ಸಾಕಿ ಕಲಿತವರಿಗೆ ಕಿಂಗ್ ಸ್ನೇಕ್ ಅಥವಾ ಹಾಗ್‌ನೋಸ್. ನನ್ನ ಗಂಡನಂಥವರಿಗೆ ಬೆಕ್ಕು.

ಊರಿನಲ್ಲಿರುವವರಿಗೆ

ಇದೆಲ್ಲ ಓದಿ ಕೇರೆ ಮರಿ ಹಿಡಿದು ತರಬೇಡಿ. ಭಾರತದ ಕಾಡುಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಮಣ್ಣುಮುಕ್ಕವನ್ನು ‘ಎರಡು ತಲೆ ಹಾವು, ಅದೃಷ್ಟ ತರುತ್ತೆ’ ಅಂತ ಮಾರುವವರು ಕರ್ನಾಟಕದಲ್ಲಿ ಆಗಾಗ ಸಿಕ್ಕಿಬೀಳುತ್ತಲೇ ಇರುತ್ತಾರೆ. ಕೊಂಡವರಿಗೂ ಕೇಸು. ವಿದೇಶಿ ಹಾವುಗಳಲ್ಲಿ ರಾಯಲ್ ಪೈಥಾನ್, ಬೋವಾ ಮುಂತಾದವು ಕಾಡುಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. 2024ರ ನಿಯಮಗಳ ಪ್ರಕಾರ ಅವನ್ನು ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕಾಗದಪತ್ರ ತೋರಿಸದ ಮಾರಾಟಗಾರನ ಹತ್ತಿರ ಏನೂ ಕೊಳ್ಳಬೇಡಿ.

ಇಲ್ಲಿ ಇಂಗ್ಲೆಂಡಿನಲ್ಲಿ ನಾನು ಹೇಳಿದ ಹಾವುಗಳಿಗೆ ಲೈಸೆನ್ಸ್ ಬೇಡ. ಆದರೆ 16 ವರ್ಷದೊಳಗಿನವರಿಗೆ ಯಾವ ಪ್ರಾಣಿಯನ್ನೂ ಮಾರುವಂತಿಲ್ಲ. ಅಂದರೆ ಮಗ ಕೇಳಿದರೂ ಬಿಲ್ಲು ನಿಮ್ಮ ಹೆಸರಿಗೆ.

ಕೊಳ್ಳುವ ದಿನ

ಮಾರುವವರಿಗೆ ಹಾವನ್ನು ಎತ್ತಿ ತೋರಿಸಿ ಅನ್ನಿ. ಹಾವು ನೋಡುವ ಮೊದಲು ಅವರ ಕೈ ನೋಡಿ. ಸಾಕಿದವರ ಕೈ ಅನುಮಾನಿಸುವುದಿಲ್ಲ. ಕತ್ತು ಹಿಡಿದು ಎತ್ತಿದರೆ, ಅಥವಾ ‘ಈಗ ಬೇಡ, ಇವತ್ತು ಸರಿ ಇಲ್ಲ’ ಅಂತ ಮೂರು ಹಾವಿಗೂ ಅಂದರೆ, ಅಲ್ಲಿಂದ ಹೊರಡಿ. ಎಂದು ಹುಟ್ಟಿದ್ದು, ಏನು ತಿಂದಿದೆ, ಎಷ್ಟು ಸಲ ಊಟ ಬಿಟ್ಟಿದೆ ಅಂತ ಬರೆದಿಟ್ಟ ಚೀಟಿ ಕೇಳಿ. ರಾಯಲ್ ಪೈಥಾನ್ ಆದರೆ ಇಲ್ಲೇ ಸಾಕಿದ ಹಾವಿನ ಮರಿಯಾ, ಆಫ್ರಿಕಾದಿಂದ ತರಿಸಿದ್ದಾ ಅಂತ ಖಂಡಿತ ಕೇಳಿ. ಘಾನಾ, ಟೋಗೋ, ಬೆನಿನ್ ದೇಶಗಳಿಂದ ಬರುವ ಮರಿಗಳು ಎಷ್ಟೋ ಸಲ ದಾರಿಯಲ್ಲೇ ಅರೆಜೀವವಾಗಿರುತ್ತವೆ, ಮೈಗೆ ರಕ್ತ ಹೀರುವ ಉಣ್ಣೆಹುಳ ಕಚ್ಚಿಕೊಂಡಿರುತ್ತವೆ, ಕೈಗೆ ಹೊಂದಿಕೊಳ್ಳಲು ವರ್ಷ ತಗೊಳ್ಳುತ್ತವೆ. ಆಮೇಲೆ ನಿಮ್ಮ ಕೈಗೆ ಕೊಡಲಿ. ಹತ್ತು ನಿಮಿಷ. ಯಾರು ಸಾಕುತ್ತಾರೋ ಅವರ ಕೈಗೇ.

ಜೋಳವನ್ನು ತಂದ ದಿನ ನನ್ನ ಮಗ ಕ್ಯಾಲೆಂಡರಿನಲ್ಲಿ ಏಳು ದಿನಕ್ಕೆ ಏಳು ಅಡ್ಡಗೆರೆ ಹಾಕುತ್ತೇನೆ ಅಂದಿದ್ದ. ದಿನಾ ಸ್ಕೂಲಿನಿಂದ ಬಂದು ಗಾಜಿಗೆ ಮೂಗು ಒತ್ತಿ ಕೂರುತ್ತಿದ್ದ, ಮುಟ್ಟಲಿಲ್ಲ. ಎಂಟನೇ ದಿನ ಯೂನಿಫಾರಂ ಕೂಡ ಬಿಚ್ಚದೆ ಕೈ ತೊಳೆದು ಬಂದ. ಹಾವು ಅವನ ಮಣಿಕಟ್ಟು ದಾಟಿ ತೋಳಿಗೆ ಹತ್ತಿತು, ಕ್ಷಣ ನಿಂತಿತು, ಸ್ವೆಟರಿನ ಮೇಲೆ ಗಬ್ಬು ನೀರು ಬಿಟ್ಟಿತು. ಅವನು ಅಲ್ಲಾಡಲಿಲ್ಲ. ಮೂಗು ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡು ‘ಅಮ್ಮಾ, ಟೈಮ್ ನೋಡು, ಇನ್ನೂ ಎಂಟು ನಿಮಿಷ ಇದೆ’ ಅಂದ.